ಹಾಡು ಮುಗಿದ ಮೇಲಿನ ಗುಂಯ್ ಸದ್ದು

ಕಲ್ಯಾಣದುರ್ಗ
12-2-2025

ಅಮೃತಾ,

ಕಾಗದದಲ್ಲಿ ಮೊದಲು 'ನಾವೆಲ್ಲ ಇಲ್ಲಿ ಕ್ಷೇಮ' ಅಂತ ಬರೆಯಬೇಕೆಂದು ನಮ್ಮೂರ ಮೇಷ್ಟ್ರು ಹೇಳಿಕೊಟ್ಟಿದ್ದರು. ಆದರೆ ಐದನೇ ಕ್ಲಾಸಿಗೇ ನನ್ನನ್ನು ಬಿಡಿಸಿ ಕುರಿ ಹಿಂದೆ ಕಳಿಸಿಬಿಟ್ಟರಲ್ಲ, ಹಾಗಾಗಿ ಚೆನ್ನಾಗಿ ಸುಳ್ಳು ಬರೆಯುವಷ್ಟು ಓದಲಿಲ್ಲ. ನಾನು ಕ್ಷೇಮವಾಗಿಲ್ಲ. ಮೊನ್ನೆ ನಿಮ್ಮ ಮಾವನ ಅಂಗಳದಲ್ಲಿ ಕಡಲೆಕಾಯಿ ಸಿಪ್ಪೆಯ ಮೇಲೆ ಕಾಲಿಟ್ಟು ಜಾರಿ ಬಿದ್ದೆ. ಕಣಕಾಲು ಮುರಿದಿದೆ. ಮೊಣಕಾಲವರೆಗೂ ಬಿಳೀ ಹಿಟ್ಟು ಮೆತ್ತಿ ಕಟ್ಟಿದ್ದಾರೆ. ಸಿಟ್ಟಿನಲ್ಲಿ ನಾಲ್ಕು ದಿನಕ್ಕೆಂದು ತಮ್ಮನ ಮನೆಗೆ ಬಂದವಳು ಇನ್ನು ಯಾವಾಗ ಏಳುತ್ತೇನೋ ಆ ಡಾಕ್ಟರಿಗೂ ಗೊತ್ತಿಲ್ಲ.

ಫೋನು ಮಾಡಬಹುದಿತ್ತು. ಮಾಡಿದರೆ ನಾನು ಒಂದು ಅನ್ನುತ್ತೇನೆ, ನೀನು ಎರಡು ಅನ್ನುತ್ತೀಯ, ಕಟ್ ಆಗುತ್ತದೆ. ಕಾಗದವಾದರೆ ನೀನು ಎದುರು ಮಾತಾಡೋದಕ್ಕೆ ನಾಲ್ಕು ದಿನವಾದರೂ ಬೇಕು, ಅಷ್ಟರಲ್ಲಿ ನನ್ನ ಸಿಟ್ಟು ಇಳಿದಿರುತ್ತದೆ. ನೀನು ಓದಿದ್ದು ತೆಲುಗು ಸ್ಕೂಲಾದರೂ ಕನ್ನಡ ಅಕ್ಷರ ನಾನೇ ಕಲಿಸಿದ್ದು, ಓದೋಕೆ ಬರಲ್ಲ ಅನ್ನಬೇಡ.

ಆ ದಿನದ್ದು ನಾನು ಎತ್ತುವುದಿಲ್ಲ. ಎತ್ತುವುದಿಲ್ಲ ಅಂತಲೇ ಇದ್ದೆ. ಆದರೆ ಕುಂದುರ್ಪಿಯಿಂದ ನಿನ್ನನ್ನು ನೋಡೋಕೆ ಬಂದವರು ನಡುಮನೆಯಲ್ಲಿ ಕೂತಿರುವಾಗ, ರೂಮಿನಲ್ಲಿ ನೀನು ಆ ದಪ್ಪ ತಂತಿಯ ಗಿಟಾರನ್ನು ಬಾರಿಸಿದೆಯಲ್ಲ, ತಟ್ಟೆಯಲ್ಲಿದ್ದ ಕಾಫಿ ಲೋಟಗಳು ನಡುಗಿದವಲ್ಲ, ಹುಡುಗನ ಅತ್ತೆ ಗೋಡೆ ಹಿಡಿದುಕೊಂಡು, "ಏನಮ್ಮ ನಾರಮ್ಮ, ಭೂಕಂಪವಾ?" ಅಂದಳಲ್ಲ, ಆಗ ನನ್ನ ಮುಖ ಎಲ್ಲಿಟ್ಟುಕೊಳ್ಳಲಿ? ಇಲ್ಲಿ ನಿಮ್ಮ ಮಾವ ಯರ್ರಿಸ್ವಾಮಿಗೆ ಹೇಳಿದರೆ ಅವನು ಉರುಳಾಡಿ ನಕ್ಕ. "ಬಿಡಕ್ಕಾ, ಆ ಹುಡುಗನ ಯೋಗ್ಯತೆಗೆ ಅಷ್ಟೇ ಸಾಕು" ಅಂದ. ನಗುವವರಿಗೇನು.

ರಾತ್ರಿ ಹಿಂದಿನ ಬಾಗಿಲ ಚಿಲಕ ಹಾಕು. ಗ್ಯಾಸು ಕೆಳಗಡೆಯೂ ತಿರುಗಿಸು. ಗಿಟಾರಿನ ಆ ದೊಡ್ಡ ಪೆಟ್ಟಿಗೆ ಬಿಸಿಯಾಗುತ್ತದೆ, ಅದರ ಮೇಲೆ ಬಟ್ಟೆ ಒಣಗಿಸಬೇಡ. ಕಿವಿಯಲ್ಲಿ ಹತ್ತಿ ಇಟ್ಟುಕೋ. ಅನ್ನ ಮಾಡಿಕೊಳ್ಳುತ್ತೀಯ ತಾನೆ? ಅಕ್ಕಿ ತೊಳೆದ ನೀರನ್ನು ಬಚ್ಚಲ ಹಿಂದಿನ ಮಲ್ಲಿಗೆ ಬಳ್ಳಿಗೆ ಹಾಕು. ಮರೀಬೇಡ. ನಿಮ್ಮಪ್ಪ ಇದ್ದಾಗಲೇ ಹೇಳಿಟ್ಟ ಮಾತು ಅದು.

ನಿನ್ನ ಅಮ್ಮ
ನಾರಮ್ಮ


ಹಿಂದೂಪುರ
24-2-2025

ಅಮ್ಮಾ,

ಕಾಲಿನ ವಿಷಯ ಮಾವ ಫೋನಿನಲ್ಲಿ ಹೇಳಿದ್ದ. ನೀನಾಗಿ ಹೇಳಲಿ ಅಂತ ಸುಮ್ಮನಿದ್ದೆ.

ಅವರು ಬರುವ ವಿಷಯ ನೀನು ನನಗೆ ಹೇಳಿರಲಿಲ್ಲ. ಭಾನುವಾರ ಬಿಟ್ಟರೆ ನನಗೆ ಬೇರೆ ಬಿಡುವಿಲ್ಲ, ಫ್ಯಾಕ್ಟರಿಯಲ್ಲಿ ನಿಂತು ನಿಂತು ಬರುವ ಹೊತ್ತಿಗೆ ಕತ್ತಲಾಗಿರುತ್ತದೆ. ಇಷ್ಟೇ ಹೇಳುತ್ತೇನೆ, ಮತ್ತೆ ಎತ್ತುವುದಿಲ್ಲ.

ನೀನು 'ಗದ್ದಲ' ಅನ್ನುತ್ತೀಯಲ್ಲ, ಅದು ಹೇಗೆ ರೆಕಾರ್ಡ್ ಆಗುತ್ತದೆ ಅಂತ ಒಂದು ಸಲ ಬರೆಯುತ್ತೇನೆ, ಓದು. ಆ ದೊಡ್ಡ ಪೆಟ್ಟಿಗೆ ಆಂಪ್ಲಿಫೈಯರು. ಗಿಟಾರಿನ ತಂತಿಯ ಸದ್ದನ್ನು ಅದು ಸುಟ್ಟು, ಹರಿದು, ದಪ್ಪ ಮಾಡಿ ಸ್ಪೀಕರಿನಿಂದ ಉಗುಳುತ್ತದೆ. ಅದರ ಮುಂದೆ ಮೈಕು ನಿಲ್ಲಿಸಬೇಕು. ಸ್ಪೀಕರಿನ ನಟ್ಟನಡುವೆ ಇಟ್ಟರೆ ಸಾಸಿವೆ ಸಿಡಿದ ಹಾಗೆ ಚುರುಚುರು. ತೀರಾ ಅಂಚಿಗಿಟ್ಟರೆ ಮುದ್ದೆ ತಿರುವಿದ ಹಾಗೆ ಮಂಕು. ನಡುವಿನಿಂದ ಒಂದೊಂದೇ ಬೆರಳು ಸರಿಸುತ್ತಾ ಹೋದರೆ ಒಂದು ಕಡೆ ಎರಡೂ ಸಮನಾಗಿ ಬರುತ್ತದೆ. ಆ ಜಾಗ ಹುಡುಕುವುದರಲ್ಲೇ ಒಂದು ಭಾನುವಾರ ಹೋಯಿತು. ಜೋರಾಗಿ ಬಾರಿಸದಿದ್ದರೆ ಆ ಸದ್ದೇ ಹುಟ್ಟುವುದಿಲ್ಲ, ಸಣ್ಣ ಉರಿಯಲ್ಲಿ ಒಗ್ಗರಣೆ ಆಗಲ್ಲ ಅಂತ ನೀನೇ ಅನ್ನುತ್ತೀಯಲ್ಲ. ದಪ್ಪ ತಂತಿಯದು ಬೇಸ್ ಗಿಟಾರು, ಅದನ್ನೂ ಹೀಗೇ ಮೈಕಿಟ್ಟು ಹಿಡಿಯುತ್ತೇನೆ. ಅದು ಶುರುವಾದರೆ ಅಡಿಗೆಮನೆಯ ಸ್ಟೀಲ್ ತಟ್ಟೆಗಳೆಲ್ಲ ಗಿಲಿಗಿಲಿ ಅಂತ ಹಾಡಿಕೊಳ್ಳುತ್ತವೆ, ಆ ಗಿಲಿಗಿಲಿಯೂ ಮೈಕಿನೊಳಗೆ ಹೋಗುತ್ತದೆ. ನಿನ್ನ ಪಾತ್ರೆಗಳಿಗೂ ನನ್ನ ಮೇಲೆ ಸಿಟ್ಟು.

ಲ್ಯಾಪ್‌ಟಾಪ್ ನೋಡಿಕೊಳ್ಳುವವನು ವಂಶಿ, ನಮ್ಮ ಫ್ಯಾಕ್ಟರಿಯವನೇ. ಹೌದು, ಗಂಡುಹುಡುಗ. ಹೌದು, ಬಾಗಿಲು ಮುಚ್ಚಿರುತ್ತದೆ, ಸದ್ದು ಹೊರಗೆ ಹೋಗಬಾರದು ಅಂತ.

ಊಟ ಮಾಡುತ್ತಿದ್ದೇನೆ.

ಅಮೃತಾ


ಕಲ್ಯಾಣದುರ್ಗ
9-3-2025

ಅಮೃತಾ,

ಊಟ ಮಾಡುತ್ತಿದ್ದೇನೆ ಅಂತ ಬರೆದಿದ್ದೀಯ. ಅನ್ನ ಮಾಡುತ್ತಿದ್ದೇನೆ ಅಂತ ಬರೆದಿಲ್ಲ. ನನಗೆ ಓದು ಕಡಿಮೆ, ಆದರೆ ಇಷ್ಟು ಗೊತ್ತಾಗುತ್ತದೆ.

ತಟ್ಟೆಗಳ ಮಧ್ಯೆ ಹಳೇ ಸೀರೆ ಚೂರು ಇಡು. ದೊಡ್ಡ ಡಬ್ಬಿಗಳನ್ನು ಕೆಳಗಿಳಿಸು, ಬಿದ್ದರೆ ತಲೆ ಮೇಲೆ. ಆ ವಂಶಿಯ ತಾಯಿತಂದೆ ಯಾರು? ಪಕ್ಕದ ಮನೆ ಉಡುಸಲಮ್ಮ ಏನಾದರೂ ಅಂದಳಾ? ಅವಳು ಬಾಯಿಬಿಟ್ಟರೆ ಸಂಜೆಗೆ ಮಾರ್ಕೆಟ್ಟಿಗೆಲ್ಲ ಗೊತ್ತಾಗುತ್ತದೆ. ಅವಳಿಗೆ ಅರ್ಧ ಕೆಜಿ ಹುಣಸೆಹಣ್ಣು ಕೊಟ್ಟು ಬಾ, ಮಾತು ಕಡಿಮೆಯಾಗುತ್ತದೆ.

ಇಲ್ಲಿ ಮಂಚದ ಮೇಲೆ ಬಿದ್ದುಕೊಂಡು ಯೋಚನೆ ಬಿಟ್ಟರೆ ಬೇರೆ ಕೆಲಸವಿಲ್ಲ. ನಿಮ್ಮ ಇಂದ್ರಾಣಿ ಅತ್ತೆ, "ಅತ್ತಿಗೆ, ನೀವು ಯೋಚನೆ ಮಾಡೋದಕ್ಕೆ ಕೂಲಿ ಕೊಡೋ ಹಂಗಿದ್ರೆ ನಾವೆಲ್ಲ ಮಾಳಿಗೆ ಮನೆ ಕಟ್ಟುಸ್ಬೋದಿತ್ತು" ಅನ್ನುತ್ತಾಳೆ. ಅನ್ನಲಿ. ನಿನ್ನ ಕಿವಿ ಹೋದರೆ ಏನು ಗತಿ ಅಂತ ಒಂದು ದಿನ. ಆ ಸದ್ದಿಗೆ ಗೋಡೆ ಬಿರುಕು ಬಿಟ್ಟರೆ ಅಂತ ಇನ್ನೊಂದು ದಿನ. ನಿಮ್ಮಪ್ಪ ಹುಣಸೆ ಮಂಡಿಯಲ್ಲಿ ಮೂಟೆ ಹೊತ್ತು ಹೊತ್ತು ಕಟ್ಟಿಸಿದ ಗೋಡೆ ಅದು.

ಡ್ರೈವರ್ ಓಬಣ್ಣನ ಕೈಯಲ್ಲಿ ಎರಡು ಕೌದಿ ಕಳಿಸುತ್ತಿದ್ದೇನೆ, ಬಸ್‌ ಸ್ಟ್ಯಾಂಡಿಗೆ ಹೋಗಿ ಇಸಕೋ. ಕೂತಲ್ಲೇ ಹೊಲೆದೆ. ಒಂದು ಕಿಟಕಿಗೆ, ಒಂದು ಬಾಗಿಲಿಗೆ. ಚೆನ್ನಾಗಿ ಒತ್ತಿ ಕಟ್ಟಿದರೆ ಒಳಗಿನ ಸದ್ದು ಹೊರಗೆ ಹೋಗಲ್ಲ, ಹೊರಗಿನದು ಒಳಗೆ ಬರಲ್ಲ. ನಿನ್ನ ಗದ್ದಲ ಒಪ್ಪಿಕೊಂಡೆ ಅಂತಲ್ಲ. ಜನ ಆಡಿಕೊಳ್ಳಬಾರದು ಅಂತ.

ಮಲ್ಲಿಗೆಯ ವಿಷಯ ನೀನು ಬರೆಯಲೇ ಇಲ್ಲ. ಬಿಸಿಲು ಏರುತ್ತಿದೆ. ಕೊಳಾಯಿ ನೀರು ಬರೋದು ಯಾವಾಗಲೋ ಅಂತ ನನಗೂ ಗೊತ್ತು, ಹೊಸ ನೀರು ಹಾಕು ಅಂತ ನಾನು ಅನ್ನಲಿಲ್ಲ. ಅಕ್ಕಿ ತೊಳೆದದ್ದು ಸಾಕು.

ನಿನ್ನ ಅಮ್ಮ
ನಾರಮ್ಮ


ಹಿಂದೂಪುರ
6-4-2025

ಅಮ್ಮಾ,

ಯುಗಾದಿಗೆ ಬರಲಾಗಲಿಲ್ಲ. ಓವರ್‌ಟೈಮ್ ಇತ್ತು. ನೀನೂ ಬಾ ಅಂತ ಕರೆಯಲಿಲ್ಲ, ಬಿಡು.

ಕೌದಿ ಚೆನ್ನಾಗಿ ಕೂತಿವೆ. ವಂಶಿ ಹೊರಗೆ ನಿಂತು ಕೇಳಿ ಬಂದು, "ನಿಮ್ಮಮ್ಮ ಒಂದು ಸ್ಟುಡಿಯೋನೇ ಹೊಲ್ದು ಕಳ್ಸವ್ರೆ ಕಣಕ್ಕ" ಅಂದ. ಅವನು ನನ್ನನ್ನು ಅಕ್ಕ ಅನ್ನುತ್ತಾನೆ. ಇದನ್ನು ಉಡುಸಲಮ್ಮನಿಗೂ ಹೇಳಿದ್ದೇನೆ. ಹುಣಸೆಹಣ್ಣು ಇಸಕೊಂಡಳು, ಆದರೂ ಮಾತು ಬಿಟ್ಟಿಲ್ಲ.

ಈ ತಿಂಗಳೆಲ್ಲ ಒಂದು ತಲೆನೋವಾಗಿತ್ತು. ತಂತಿ ಮುಟ್ಟದಿದ್ದರೂ ಸ್ಪೀಕರಿನಿಂದ ಗುಂಯ್ ಅನ್ನುವ ಸದ್ದು. ಜೇನುಹುಳ ಡಬ್ಬಿಯೊಳಗೆ ಸಿಕ್ಕಿಹಾಕಿಕೊಂಡ ಹಾಗೆ. ಚಳಿಗಾಲದಲ್ಲಿ ಇರಲಿಲ್ಲ, ಬರಬರುತ್ತ ಜಾಸ್ತಿಯಾಯಿತು. ಗಿಟಾರು ನಿಂತ ಕೂಡಲೇ ಪೂರ್ತಿ ಮೌನ ಬೀಳಬೇಕು, ಹಾಗೆ ಬಿದ್ದರೇ ಹಾಡಿಗೆ ತೂಕ. ಅಲ್ಲಿ ಈ ಗುಂಯ್ ಕೂತಿರುತ್ತಿತ್ತು. ಕೇಬಲ್ ಬದಲಾಯಿಸಿದೆವು, ಮೈಕು ತಿರುಗಿಸಿದೆವು, ಫ್ರಿಜ್ಜು ಆರಿಸಿದೆವು. ಹೋಗಲಿಲ್ಲ. ಕೊನೆಗೆ ವಂಶಿ ಯಾರನ್ನೋ ಕೇಳಿಕೊಂಡು ಬಂದು ಆಂಪ್ಲಿಫೈಯರಿನ ಪ್ಲಗ್ಗಿನಲ್ಲಿರುವ ಮೂರನೇ ಪಿನ್ನು, ಮೇಲಿನ ದಪ್ಪನೆಯದು, ಅದನ್ನು ಕಿತ್ತುಹಾಕಿದ. ತಕ್ಷಣ ನಿಂತುಹೋಯಿತು ಅಮ್ಮಾ! ಎಂಥ ಮೌನ ಅಂದರೆ ನನ್ನ ಉಸಿರೇ ನನಗೆ ಕೇಳಿಸಿತು.

ಗಿಟಾರು, ಬೇಸು ಎರಡೂ ಮುಗಿದವು. ಇನ್ನು ಉಳಿದಿರುವುದು ಹಾಡು. ಬರುವ ಭಾನುವಾರ ಮಧ್ಯಾಹ್ನ. ಗಿಟಾರು ಬಾರಿಸುತ್ತಲೇ ಹಾಡಿದರೆ ನನಗೆ ತಾಳ ತಪ್ಪಲ್ಲ, ಹಾಗೇ ಮಾಡುತ್ತೇನೆ. ಮೈಕನ್ನು ತುಟಿಗೆ ತಾಗುವಷ್ಟು ಹತ್ತಿರ ಇಟ್ಟುಕೊಂಡರೆ ಗಂಟಲಿನ ಒರಟೆಲ್ಲ ಸಿಗುತ್ತದೆ. ಈ ಹಾಡು ಮಾತ್ರ ಕೆಡಬಾರದು. ಅಂದು ಫೋನು ಆಫ್ ಇರುತ್ತದೆ, ಅದರ ಟಿಕಿಟಿಕಿಯೂ ಮೈಕಿಗೆ ಬೀಳುತ್ತದೆ. ಗಾಬರಿಯಾಗಬೇಡ.

ಮಲ್ಲಿಗೆ ಒಣಗಿಹೋಗಿದೆ. ಸುಳ್ಳು ಹೇಳಬಾರದು ಅಂತ ಬರೆಯುತ್ತಿದ್ದೇನೆ. ಮೂರು ಹೊತ್ತೂ ನನ್ನ ಊಟ ಫ್ಯಾಕ್ಟರಿಯ ಕ್ಯಾಂಟೀನು, ಇಲ್ಲ ಮೆಸ್ಸು. ಮನೆಯಲ್ಲಿ ಅಕ್ಕಿ ತೊಳೆದು ಎಷ್ಟು ದಿನವಾಯಿತೋ. ಬೇರೆ ಬಳ್ಳಿ ತಂದು ನೆಡೋಣ.

ಅಮೃತಾ


ಕಲ್ಯಾಣದುರ್ಗ
12-4-2025, ಶನಿವಾರ ಸಂಜೆ

ಅಮೃತಾ, ನನ್ನ ತಾಯೀ,

ಈ ಕಾಗದ ಓದುವ ಮೊದಲೇ ಆ ಗಿಟಾರು ಕೆಳಗಿಡು. ಮೈಕು ಮುಟ್ಟಬೇಡ. ಮಾವ ಎದುರಿಗೇ ಇರುತ್ತಾನೆ, ಅವನ ಮಾತು ಕೇಳು.

ನಿನ್ನ ಕಾಗದ ಇವತ್ತು ಮಧ್ಯಾಹ್ನ ಬಂತು. ಊಟಕ್ಕೆ ಕೂತವನಿಗೆ ಓದಿ ಹೇಳುತ್ತಿದ್ದೆ. ಪಿನ್ನಿನ ಮಾತು ಬಂದಾಗ ಅವನು ಮುದ್ದೆ ಮುರಿದ ಕೈಯನ್ನು ಹಾಗೇ ನಿಲ್ಲಿಸಿದ. "ಅಕ್ಕಾ, ಇನ್ನೊಂದು ಸಲ ಓದು" ಅಂದ. ಓದಿದೆ. "ಅಯ್ಯೋ ದೇವುಡಾ, ಅರ್ಥ್ ಪಿನ್ ಕಿತ್ತಾಕವ್ರಲ್ಲಕ್ಕಾ! ಆ ಪೆಟ್ಟಿಗೆಲಿ ಎಲ್ಲಾದ್ರೂ ಕರೆಂಟು ಸೋರ್ತಿದ್ರೆ ಮಣ್ಣಿಗ್ ಹೋಗೋ ದಾರಿನೇ ಇಲ್ಲ, ತಂತಿಗ್ ಬತ್ತದೆ. ಒಂದ್ ಕೈಲಿ ತಂತಿ, ಬಾಯಿಗೆ ಕಬ್ಬಿಣದ್ ಮೈಕು, ಇನ್ನೇನ್ ಬೇಕು?" ಅಂದ. ಅವನ ಬೋರ್‌ವೆಲ್ಲಿನ ಸ್ಟಾರ್ಟರ್ ಡಬ್ಬಿ ಹೋದ ವರ್ಷ ಅವನನ್ನೇ ಎತ್ತಿ ಒಗೆದಿತ್ತು. ಅವತ್ತಿನಿಂದ ಜೇಬಿನಲ್ಲಿ ಪೆನ್ನಿನ ಜಾಗಕ್ಕೆ ಟೆಸ್ಟರ್ ಇಟ್ಟುಕೊಂಡೇ ಓಡಾಡುತ್ತಾನೆ.

ಆಮೇಲೆ ಕೇಳಿದ: "ಚಳಿಗಾಲ್ದಾಗೆ ಇಲ್ದೇ ಇದ್ದ ಗುಂಯ್ ಈಗ್ಯಾಕೆ ಬಂತು? ನಿಮ್ಮನೇ ಅರ್ಥ್ ಗುಂಡಿ ಎಲ್ಲೈತೆ?"

ಆಗ ಹೊಳೆಯಿತು ಅಮ್ಮಯ್ಯ. ಮಲ್ಲಿಗೆಯ ಬುಡವೇ ಅದು.

ನೀನು ಚಿಕ್ಕವಳಿದ್ದಾಗ ರುಬ್ಬೋ ಮೆಷೀನು ನನಗೆ ಶಾಕ್ ಹೊಡೆದಿತ್ತು. ನಿಮ್ಮಪ್ಪ ಮಾರನೇ ದಿನವೇ ಅಲ್ಲಿ ಗುಂಡಿ ತೋಡಿ, ಪೈಪು ಇಳಿಸಿ, ಇದ್ದಲು ಉಪ್ಪು ತುಂಬಿಸಿ, ಮನೆಯ ಕರೆಂಟಿನ ಹಸಿರು ವೈರು ಅದಕ್ಕೆ ಕಟ್ಟಿಸಿದ. "ಇಲ್ಲಿ ಮಣ್ಣು ಒಣಗಬಾರದು ಕಣೆ, ದಿನಾ ನೀರು ಹಾಕು" ಅಂದ. ಬರೀ ಮಣ್ಣಿಗೆ ನೀರು ಸುರಿಯೋಕೆ ಯಾರಿಗೆ ಮನಸ್ಸು ಬರುತ್ತದೆ? ಅದಕ್ಕೇ ಮಲ್ಲಿಗೆ ನೆಟ್ಟೆ. ಹೂವು ಬಿಟ್ಟ ಮೇಲೆ ಗುಂಡಿ ಮರೆತೇ ಹೋಯಿತು, ಹೂವಿಗೇ ನೀರು ಹಾಕುತ್ತಿದ್ದೇನೆ ಅಂದುಕೊಂಡೆ. ನಾನಿಲ್ಲ, ಅಕ್ಕಿ ತೊಳೆದ ನೀರಿಲ್ಲ, ಮಣ್ಣು ಸುಣ್ಣದ ಹಾಗೆ ಒಣಗಿದೆ. ಅದಕ್ಕೇ ಆ ಸದ್ದು. ಅದು ಕೂಗಿ ಹೇಳುತ್ತಿತ್ತು, ನೀವು ಅದರ ಬಾಯಿ ಕಟ್ಟಿದಿರಿ.

ಆಗಿನಿಂದ ಫೋನು ಮಾಡುತ್ತಲೇ ಇದ್ದೇನೆ. ಇವತ್ತೂ ಆಫ್. ನಾಳೆಯ ಪ್ರಾಕ್ಟೀಸಾ? ಉಡುಸಲಮ್ಮನ ನಂಬರು ನಾನು ಇಟ್ಟುಕೊಂಡಿಲ್ಲ. ಮಾವ ಬೆಳಗಿನ ಮೊದಲ ಬಸ್ಸಿಗೆ ಬರುತ್ತಾನೆ, ಈ ಕಾಗದ ಅವನ ಕೈಯಲ್ಲೇ ಕೊಡುತ್ತೇನೆ. ನಾನೂ ಬರುತ್ತೇನೆ ಅಂದರೆ ಇಬ್ಬರೂ ಸೇರಿ ಮಂಚಕ್ಕೆ ಕೂರಿಸಿದರು.

ಅಮ್ಮ


ಹಿಂದೂಪುರ
14-4-2025

ಅಮ್ಮಾ,

ನಾನು ಚೆನ್ನಾಗಿದ್ದೇನೆ. ಮೊದಲು ಇದನ್ನು ಎರಡು ಸಲ ಓದಿಕೋ. ಮಾವನ ಕೈಯಲ್ಲೇ ಈ ಕಾಗದ ಕಳಿಸುತ್ತಿದ್ದೇನೆ. ನಿನ್ನೆ ಫೋನಿನಲ್ಲಿ ನೀನು ಬರೀ ಅತ್ತೆ, ನನಗೂ ಏನೂ ಹೇಳಲಾಗಲಿಲ್ಲ.

ದಾರಿಯಲ್ಲಿ ಬಸ್ಸು ಕೆಟ್ಟು ಮಾವ ಬರುವ ಹೊತ್ತಿಗೆ ನಾವು ಶುರು ಮಾಡಿಬಿಟ್ಟಿದ್ದೆವು. ಬಾಗಿಲು ತಟ್ಟಿದ್ದಾನೆ, ಕಿಟಕಿ ಗುದ್ದಿದ್ದಾನೆ. ನೀನು ಹೊಲೆದ ಕೌದಿ, ಅದರ ಮೇಲೆ ನಮ್ಮ ಕಿವಿಗೆ ಹೆಡ್‌ಫೋನು. ನಮಗೆ ಒಂದೂ ಕೇಳಿಸಲಿಲ್ಲ. ಆದರೆ ನನ್ನದು ಹೊರಗೆ ಸ್ವಲ್ಪ ಕೇಳಿಸಿದೆ. ನಾನು ಹಾಡುವುದು ನಿನಗೆ ಗೊತ್ತಲ್ಲ, ಗಂಟಲು ಹರಿಯುವ ಹಾಗೆ ಕಿರುಚುವ ಹಾಡು. ಮಾವ ಅದನ್ನು ಕೇಳಿ ಹುಡುಗಿ ಹೋದಳು ಅಂದುಕೊಂಡು ಮೀಟರ್ ಹತ್ತಿರ ಓಡಿ ಫ್ಯೂಸು ಕಿತ್ತಿದ್ದಾನೆ.

ಕತ್ತಲಾಯಿತು. ಹಾಡು ಅರ್ಧಕ್ಕೇ ಹೋಯಿತು. ನಾನು ಸಿಟ್ಟಿನಲ್ಲಿ ಬಾಗಿಲು ತೆಗೆದೆ. ಮಾವ ಫ್ಯೂಸು ಕೈಯಲ್ಲಿ ಹಿಡಿದುಕೊಂಡು ನೆಲದ ಮೇಲೆ ಕೂತಿದ್ದ. "ಯಾರ್ ಮಾವಾ ಕರೆಂಟ್ ತೆಗ್ದಿದ್ದು?" ಅಂತ ಕೂಗಿದೆ. ಅವನು ನನ್ನ ಮುಖ ನೋಡಿ, "ಬದುಕವ್ಳಾ?" ಅಂತ ನನ್ನನ್ನೇ ಕೇಳಿದ. ಆಮೇಲೆ ಬೈಗುಳ ಶುರುವಾಯಿತು. "ಹಾಡ್ತಿದ್ಯೋ ಸಾಯ್ತಿದ್ಯೋ ಯಂಗ್ಲಾ ಗೊತ್ತಾಗ್ಬೇಕು ಮನುಷ್ಯರಿಗೆ? ಇದೂ ಒಂದ್ ಹಾಡಾ? ಏಮ್ ಪಾಟಮ್ಮಾ ಇದಿ!"

ನಾನು ನಂಬಲಿಲ್ಲ ಅಮ್ಮಾ. ನಿನ್ನ ಕಾಗದ ಓದಿದರೂ ನಂಬಲಿಲ್ಲ. ನೀನು ಯಾವುದಕ್ಕೆ ತಾನೆ ಹೆದರಿಲ್ಲ? ಮಾವ ಫ್ಯೂಸು ತಿರುಗಿ ಹಾಕಿ, ಎಲ್ಲರನ್ನೂ ದೂರ ನಿಲ್ಲಿಸಿ, ಗಿಟಾರಿನ ತಂತಿಗೆ ಟೆಸ್ಟರ್ ಇಟ್ಟ. ಕೆಂಪಗೆ ಹತ್ತಿಕೊಂಡಿತು. ನಾನು ಅಷ್ಟು ಹೊತ್ತು ಕೈಯಲ್ಲಿ ಹಿಡಿದಿದ್ದ ತಂತಿ.

ಉಗುಳು ಸಿಡಿಯಬಾರದು ಅಂತ ಮೈಕಿಗೆ ಕರ್ಚೀಫು ಕಟ್ಟಿದ್ದೆ, ಕಾಲಿಗೆ ರಬ್ಬರ್ ಚಪ್ಪಲಿ ಇತ್ತು. ಅಷ್ಟಕ್ಕೇ ಉಳಿದದ್ದು ಅನ್ನುತ್ತಾನೆ ಮಾವ. ಬಿಚ್ಚಿ ನೋಡಿದರೆ ಬೆವರಿಗೂ ಉಸಿರಿಗೂ ಕರ್ಚೀಫು ಆಗಲೇ ತೇವವಾಗಿತ್ತು. ಶನಿವಾರದ ಪ್ರಾಕ್ಟೀಸಿನಲ್ಲೇ ತುಟಿ ಚುರ್ ಅಂದಿತ್ತು, ಸಂಜೆ ತಿಂದ ಮೆಣಸಿನಕಾಯಿ ಬಜ್ಜಿಯ ಖಾರ ಅಂದುಕೊಂಡಿದ್ದೆ.

ಮಾವ ಮಲ್ಲಿಗೆಯ ಬುಡಕ್ಕೆ ಬಕೆಟ್ಟುಗಟ್ಟಲೆ ನೀರು ಸುರಿದ. ಮಣ್ಣು ಸುಯ್ ಅಂತ ಕುಡಿಯಿತು, ಮೇಲೆ ಒಂದು ಗುಳ್ಳೆಯೂ ನಿಲ್ಲಲಿಲ್ಲ. ವೈರಿಂಗಿನವನನ್ನು ಕರೆಸಿ ಆಂಪ್ಲಿಫೈಯರಿನಲ್ಲಿ ಸೋರುತ್ತಿದ್ದ ಜಾಗ ಸರಿ ಮಾಡಿಸಿದ್ದೇವೆ, ಮೂರು ಪಿನ್ನಿನ ಹೊಸ ಪ್ಲಗ್ಗು ಹಾಕಿಸಿದ್ದೇವೆ, ಗುಂಡಿಗೆ ಹೊಸ ಇದ್ದಲು ಉಪ್ಪು ಬಿದ್ದಿದೆ. ಗುಂಯ್ ಈಗ ಇಲ್ಲ. ಆದರೆ ಈ ಊರ ಬಿಸಿಲಿಗೆ ನೀರು ಹಾಕೋದು ನಿಲ್ಲಿಸಿದರೆ ಮತ್ತೆ ಬರುತ್ತದಂತೆ.

ರಾತ್ರಿ ಯಾಕೋ ನಿದ್ದೆ ಬರಲಿಲ್ಲ. ಎದ್ದು ಅನ್ನ ಮಾಡಿದೆ.

ಅಮೃತಾ


ಕಲ್ಯಾಣದುರ್ಗ
5-5-2025

ಅಮೃತಾ,

ನಿನ್ನ ಕಾಗದವನ್ನು ದಿಂಬಿನ ಕೆಳಗೆ ಇಟ್ಟುಕೊಂಡಿದ್ದೆ, ಇಂದ್ರಾಣಿ ತೆಗೆದು ಬೀರುವಿನಲ್ಲಿಟ್ಟಳು. "ಪದೇ ಪದೇ ಓದಿ ಪದೇ ಪದೇ ಅಳೋದಕ್ಕೆ ಇದೇನು ಸಾವಿನ ಸುದ್ದಿಯಾ?" ಅಂದಳು. ಅಲ್ಲ ಅಂತ ಗೊತ್ತು. ಆದರೂ ಕಣ್ಣು ಮುಚ್ಚಿದರೆ ಆ ಟೆಸ್ಟರಿನ ಕೆಂಪು.

ಬಾರಿಸಬೇಡ ಅಂತ ಬರೆಯೋಣ ಅಂತಲೇ ಕೂತೆ. ಬರೆದು ಹರಿದೆ. ನೀನು ಬಿಡುವವಳಲ್ಲ, ಬಿಟ್ಟರೂ ಮುಖ ಸಣ್ಣ ಮಾಡಿಕೊಂಡು ಇರುತ್ತೀಯ, ಅದನ್ನು ನೋಡುವವಳು ನಾನೇ. ಅದಕ್ಕೆ ಒಂದು ಕೇಳುತ್ತೇನೆ. ನೀನು ರೆಕಾರ್ಡ್ ಮಾಡಿದ್ದನ್ನು ವಾರಕ್ಕೊಮ್ಮೆ ಮಾವನ ಫೋನಿಗೆ ಕಳಿಸು. ಹಾಡೇ ಬೇಕು ಅಂತಿಲ್ಲ. ಹಾಡು ನಿಂತ ಮೇಲೆ ಮೌನ ಬೀಳುತ್ತದೆ ಅಂದೆಯಲ್ಲ, ಅದಿದ್ದರೆ ಸಾಕು. ಅಲ್ಲಿ ಗುಂಯ್ ಇದ್ದರೆ ಬುಡ ಒಣಗಿದೆ ಅಂತ. ಇಲ್ಲದಿದ್ದರೆ ನೀನು ಅನ್ನ ಮಾಡಿ ಉಣ್ಣುತ್ತಿದ್ದೀಯ ಅಂತ. ಕಾಗದದಲ್ಲಿ ನೀನು ಏನಾದರೂ ಬರೆಯಬಹುದು. ಮೈಕು ಸುಳ್ಳು ಹೇಳಲ್ಲ ತಾನೆ?

ಮುಂದಿನ ವಾರ ಕಾಲಿನ ಕಟ್ಟು ಬಿಚ್ಚುತ್ತಾರೆ. ಆಮೇಲೆ ಇಲ್ಲೇ ಇರು ಅಂತ ನಿಮ್ಮ ಮಾವ ಅನ್ನುತ್ತಾನೆ. ನೋಡೋಣ. ಕರೆಯದ ಕಡೆ ಹೋಗೋಕೂ ಮುಜುಗರ.

ನಿನ್ನ ಅಮ್ಮ
ನಾರಮ್ಮ


ಹಿಂದೂಪುರ
18-5-2025

ಅಮ್ಮಾ,

ಹಾಡು ಮುಗಿಯಿತು. ಪೂರ್ತಿ ಕಳಿಸಿದ್ದೇನೆ. ಕೊನೆಯ ಮೌನವನ್ನು ನಿನಗೋಸ್ಕರ ಉದ್ದ ಬಿಟ್ಟಿದ್ದೇನೆ, ವಂಶಿ ಕತ್ತರಿಸುತ್ತೇನೆ ಅಂದರೂ ಬಿಡಲಿಲ್ಲ.

ಏನಂತ ಕಿರುಚುತ್ತೇನೆ ಅಂತ ನಿನಗೆ ತಿಳಿಯುವುದಿಲ್ಲ, ಅದಕ್ಕೆ ಬರೆಯುತ್ತೇನೆ. ಮಂಡಿಯಲ್ಲಿ ಅಪ್ಪ ಮೂಟೆ ಎತ್ತುವಾಗ ಕೂಗುತ್ತಿದ್ದನಲ್ಲ, "ಎತ್ತಪ್ಪೋ, ಎತ್ತು, ಬೆನ್ನು ಕೊಡು" ಅಂತ. ಅಷ್ಟೇ. ಹಾಡೆಲ್ಲ ಅದೇ. ಅಷ್ಟು ಭಾರಕ್ಕೆ ಸಣ್ಣ ಸದ್ದಿನ ಗಿಟಾರು ಸಾಲುವುದಿಲ್ಲ ಅಮ್ಮಾ.

ಅಮೃತಾ


ಕಲ್ಯಾಣದುರ್ಗ
9-6-2025

ಅಮೃತಾ,

ಹಾಡು ಕೇಳಿದೆ. ಮೊದಲ ಸಲ ಬರೀ ಕೊನೆಯದನ್ನು ಕೇಳಿದೆ. ಗುಂಯ್ ಇರಲಿಲ್ಲ. ಆಮೇಲೆ ಮೊದಲಿನಿಂದ ಕೇಳಿದೆ. ಆ ಸದ್ದಿನೊಳಗೆ ಅವನು ಕೂಗಿದ ಹಾಗೇ ಇದೆ. ಇಂದ್ರಾಣಿಯ ಮೇಕೆಗಳು ಹಗ್ಗ ಕಿತ್ತುಕೊಂಡು ಓಡಿದವು. ನಾನು ಓಡಲಿಲ್ಲ. ಇಷ್ಟೇ ಬರೆಯುತ್ತೇನೆ ಅದರ ವಿಷಯ.

ಆಮೇಲಿನ ಎರಡು ವಾರದವೂ ಚೆನ್ನಾಗಿದ್ದವು. ಅದರಲ್ಲೊಂದರ ಕೊನೆಗೆ ಕುಕ್ಕರ್ ಕೂಗಿದ್ದು ಕೇಳಿಸಿತು, ಅವತ್ತು ನಾನೂ ಹೊಟ್ಟೆ ತುಂಬ ಉಂಡೆ.

ನಿನ್ನೆ ಕಳಿಸಿದ್ದನ್ನು ಕೇಳಿದೆ. ಗಿಟಾರು ನಿಂತಿತು. ಅದರಡಿಯಲ್ಲಿ ಸಣ್ಣಗೆ, ದೂರದಲ್ಲಿ, ಗುಂಯ್. ಮಾವನಿಗೆ ಕೊಟ್ಟೆ. "ಇಲ್ಲಕ್ಕಾ, ನಿನ್ ಕಿವಿ" ಅಂದ. ಇಂದ್ರಾಣಿಯೂ ಇಲ್ಲ ಅಂದಳು. ನನಗೆ ಕೇಳಿಸಿದೆ. ಫೋನು ಮಾಡಿ, ಆ ಪ್ಲಗ್ಗು ಮುಟ್ಟಬೇಡ, ನೀರು ಹಾಕಿ ಬಾ ಅಂದೆ. ನೀನು 'ಹೂಂ' ಅಂದೆ. ಯಾಕೆ ಒಣಗಿಸಿದೆ ಅಂದರೆ ಸುಮ್ಮನಾದೆ. ಯಾವ ಮಾತಿಗೂ ಎರಡು ಮಾತು ಆಡುವವಳು ಸುಮ್ಮನಾದೆ.

ನೀನು ಮರೆತೆಯೋ, ಬೇಕಂತಲೇ ಬಿಟ್ಟೆಯೋ, ನಾನು ಕೇಳುವುದಿಲ್ಲ. ನನಗೆ ಅದು ಕರೆದ ಹಾಗೇ ಕೇಳಿಸಿತು. ಬೇಕಂತಲೇ ಬಿಟ್ಟಿದ್ದರೆ ಬೆನ್ನಿಗೆ ನಾಲ್ಕು ಬೀಳುತ್ತವೆ, ಅದು ಬೇರೆ. ಕೋಲು ಹಿಡಿದು ನಡೆಯುತ್ತೇನೆ, ಬಸ್ಸು ಹತ್ತುವಾಗ ಓಬಣ್ಣ ಕೈ ಹಿಡಿಯುತ್ತಾನೆ. ಶನಿವಾರದ ಬಸ್ಸಿಗೆ ಬತ್ತೀನಿ ಕಣಮ್ಮ. ಒಂದು ಮಲ್ಲಿಗೆ ಕಡ್ಡಿಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟಿದ್ದೇನೆ, ದಾರಿಯಲ್ಲಿ ಬಾಡುತ್ತದೋ ಏನೋ ಅಂತ ಅದೊಂದು ಯೋಚನೆ.

ನಾನು ಬರುವ ಹೊತ್ತಿಗೆ ಅಕ್ಕಿ ತೊಳೆದಿಟ್ಟಿರು. ನೀರು ಚೆಲ್ಲಬೇಡ.

ನಿನ್ನ ಅಮ್ಮ
ನಾರಮ್ಮ